ತೂಕದ ಮ್ಯಾಲ ಒಂದು ಬೊಗಸಿ

ಅಣ್ಣಿಗೇರಿಯ ನಮ್ಮ ಬಾಜೂ ಮನಿ ಕಾಕು, ಸಂತಿಯನ್ನು ಒಂದು ಸುತ್ತು ತಿರುಗಿ ನೋಡುವವರೆಗೂ ಬಗಲೊಳಗಿನ ಚೀಲ ಬಿಚ್ಚುತ್ತಿರಲಿಲ್ಲ. "ಮೊದಲ ನೋಡೂಣು, ಆಮ್ಯಾಲ ಕೊಳ್ಳೂಣು" ಅನ್ನುವುದು ಅವರ ಮಾತು.

ಊರಿಗೆ ಮಾರ್ಟ್ ಬಂತು. 'ಬೇರೆ ಕಡೆ ಕಡಿಮೆ ಇದ್ದರೆ ತೋರಿಸಿ, ಅದೇ ದರಕ್ಕೆ ಕೊಡುತ್ತೇವೆ' ಎಂದು ಬಾಗಿಲಿಗೇ ಬೋರ್ಡು. ಕಾಕು ಒಣ ಮೆಣಸಿನಕಾಯಿಯ ಸಂತಿ ದರ ಹೇಳಿದರು. ಕೌಂಟರಿನ ಹುಡುಗಿ, "ಅಲ್ಲಿಂದು ಬಿಲ್ ತೋರಸ್ರಿ" ಅಂದಳು. ಕಾಕು ಸರ್ರನೆ ಹೋಗಿ, ಮೆಣಸಿನಕಾಯಿ ಮಾರುವವಳನ್ನೇ ಕೈಹಿಡಿದು ಕರೆತಂದರು.

"ಸಂತ್ಯಾಗ ಬಿಲ್ ಎಲ್ಲೈತಿ? ಈಕಿನ್ನ ಕೇಳವಾ."

"ಯಕ್ಕಾ, ಅಲ್ಲಿ ನನ್ನ ಬುಟ್ಟಿ ಯಾರ ಕಾಯಬೇಕ?" ಅಂತ ಆಕೆ ಗೋಳಾಡಿದಳು.

ಹುಡುಗಿ ನಕ್ಕು ಅದೇ ದರಕ್ಕೆ ತೂಗಿ ಹಾಕಿದಳು. ಕಾಕು ಚೀಲದ ಬಾಯಿ ಮುಚ್ಚಲಿಲ್ಲ.

"ಈಕಿ ತೂಕದ ಮ್ಯಾಲ ಒಂದು ಬೊಗಸಿ ಹಾಕ್ತಾಳ. ನೀನೂ ಹಾಕು."

"ಹಂಗ ಹಾಕಾಕ ಬರಂಗಿಲ್ರಿ."

"ಹಂಗಾರ ಅದ ದರ ಹೆಂಗಾತು?" ಕಾಕು ಕೌಂಟರಿನ ಮೇಲೆ ಚೀಲ ಬೋರಲು ಹಾಕಿ, ಮಾರುವವಳ ಹೆಗಲ ಮೇಲೆ ಕೈಯಿಟ್ಟರು. "ನೋಡೂದಾತು. ಇನ್ನ ಕೊಳ್ಳೂಣು ನಡಿ."

ಈಗ ಕಾಕು ಇಲ್ಲ. ನನ್ನ ವಾರದ ಸಂತಿಯೂ ಮಾರ್ಟಿನಲ್ಲೇ. ತೂಗಿ ಹಾಕಿದ ಮೇಲೂ ಚೀಲದ ಬಾಯಿ ತೆರೆದು ಹಿಡಿದುಕೊಂಡೇ ನಿಂತಿರುತ್ತೇನೆ. ಹುಡುಗಿ ಕೇಳುತ್ತಾಳೆ, "ಮತ್ತೇನರ ಬೇಕಾಗಿತ್ತೇನ್ರಿ?"