ಕಾಸಿ ಕೊಟ್ಟ ನೀರು

ನಮ್ಮ ಪಂಚಾಯ್ತಿಯಲ್ಲಿ ಎಲ್ಲ ಮನೆಗೂ ಶುದ್ಧ ನೀರು ಸಿಗುತ್ತಿದೆ ಎಂಬ ಘೋಷಣೆಯನ್ನು ಗ್ರಾಮಸಭೆಯಲ್ಲಿ ಓದಬೇಕಾದವಳು ನಾನು. ಅವತ್ತು ಬೆಳಿಗ್ಗೆ ಕಾಗದ ಹಿಡಿಯಲೂ ಕೈ ಬರುತ್ತಿರಲಿಲ್ಲ.

ಸ್ವಸಹಾಯ ಸಂಘದವರು ನನ್ನನ್ನು ನೀರಿನ ಪರೀಕ್ಷೆಗೆ ಆರಿಸಿದ್ದರು. ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳ ಬಣ್ಣದ ಪಟ ಪಂಚಾಯ್ತಿ ಗೋಡೆಗೆ ಬಂದಾಗ ನಾನೂ ನಕ್ಕವಳೇ. ಲೋಕದ ದೇಶಗಳೆಲ್ಲ ಕೂತು ಒಪ್ಪಿದ್ದಕ್ಕೂ ಅಂಬ್ಲಿಗೊಳದ ಕಾಲುವೆ ಪಕ್ಕದ ನಮ್ಮೂರಿಗೂ ಏನು ಸಂಬಂಧ? ಆದರೆ ಆರನೆಯ ಗುರಿ ನೀರಿನದು, ಅದು ನನ್ನ ಕೊರಳಿಗೆ ಬಿತ್ತು. ಮನೆಮನೆಯ ಹೊಸ್ತಿಲಲ್ಲಿ ನಿಂತು ಪರೀಕ್ಷೆಯ ಬಾಟಲಿ ಚಾಚಿದೆ. ಒಳಗಿಂದ ನೀರು ತಂದು ತುಂಬಿಸಿದರು. ನೀರು ಕೆಟ್ಟಿದ್ದರೆ ಒಳಗಿನ ಔಷಧಿಗೆ ಒಂದು ದಿನದಲ್ಲಿ ಬಾಟಲಿ ಕಪ್ಪಾಗಬೇಕು. ಒಂದೂ ಕಪ್ಪಾಗಲಿಲ್ಲ. ಎಲ್ಲ ಸರಿ ಎಂದು ಹೆಮ್ಮೆಯಿಂದ ಬರೆದುಕೊಟ್ಟೆ.

ಸಭೆಗೆ ಎರಡು ದಿನ ಇರುವಾಗ ಪಕ್ಕದ ಮನೆಯ ದೊಡ್ಡಮ್ಮನ ಸೊಸೆಯನ್ನು ವಾಂತಿಭೇದಿಯೆಂದು ಸೊರಬದ ಆಸ್ಪತ್ರೆಗೆ ಸೇರಿಸಿದರು. ಆರು ತಿಂಗಳ ಬಸುರಿ. ನೀರಂತೂ ಚೆನ್ನಾಗಿದೆ, ನಾನೇ ಪರೀಕ್ಷೆ ಮಾಡಿದ್ದೇನೆ ಎಂದೆ. ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು.

“ಬಾಗ್ಲಿಗೆ ಬಂದೋಳಿಗೆ ನಲ್ಲಿ ನೀರು ಕೊಡಾಕಾಗುತ್ತೇನವ್ವಾ? ಕಾಸಿ ಸೋಸಿದ್ದು ಕೊಟ್ಟಿದ್ದೆ.”

ಓಡಿಹೋಗಿ ಉಳಿದ ಮನೆಗಳಲ್ಲೂ ಕೇಳಿದೆ. ಎಲ್ಲ ಕಡೆ ಅದೇ ಮರ್ಯಾದೆ: ಕಾಸಿದ್ದು ಬಂದವರಿಗೆ, ನಲ್ಲಿಯದು ಮನೆಯವರಿಗೆ. ಒಳಗೆ ಹೋಗಿ ನಲ್ಲಿ ತಿರುಗಿಸದ ನನ್ನ ಬುದ್ಧಿಗೆ ಬೆಂಕಿ ಹಾಕಬೇಕು. ಆ ಸಂಜೆ ಐದು ನಲ್ಲಿಗಳಿಂದ ನಾನೇ ತುಂಬಿಕೊಂಡು ಬಂದೆ. ಮರುದಿನ ಐದೂ ಬಾಟಲಿ ಕಾಡಿಗೆಯಂತಾಗಿದ್ದವು.

ಪಂಚಾಯ್ತಿ ಅಧ್ಯಕ್ಷರಿಗೆ ತೋರಿಸಿದೆ. ಶಿಕಾರಿಪುರದಿಂದ ಅಧಿಕಾರಿಗಳು ಬರುತ್ತಿದ್ದಾರೆ, ಹಾರ ತುರಾಯಿ ತರಿಸಿಯಾಗಿದೆ, ಈಗ ಓದಿಬಿಡಿ, ಪೈಪು ಆಮೇಲೆ ನೋಡಿಸೋಣ ಎಂದರು. ಗುರಿ ಮುಟ್ಟಿದೆ ಎಂದು ಒಮ್ಮೆ ಬರೆದ ಮೇಲೆ ಆ ಪೈಪನ್ನು ಯಾರು ಅಗೆಯುತ್ತಾರೆ? ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಸಭೆಯಲ್ಲಿ ಎದ್ದು ನಿಂತೆ. ಕಾಗದ ಮಡಿಸಿದೆ. ನಾನು ಬರೆದದ್ದು ತಪ್ಪು, ಯಾರೂ ನಲ್ಲಿಯ ನೀರನ್ನು ಹಾಗೇ ಕುಡಿಯಬೇಡಿ ಎಂದೆ. ಊರ ಮಾನ ಕಳೆದಳು ಎಂದು ಹಿಂದೆ ಯಾರೋ ಗೊಣಗಿದರು. ಕೂತುಕೊಳ್ಳುವಂತೆ ಅಧ್ಯಕ್ಷರು ಸನ್ನೆ ಮಾಡಿದರು. ಅಷ್ಟರಲ್ಲಿ, ಆಸ್ಪತ್ರೆಯಿಂದ ಸೀದಾ ಸಭೆಗೆ ಬಂದಿದ್ದ ದೊಡ್ಡಮ್ಮ ಎದ್ದರು. ಅಲ್ಲಿ ಸೊಸೆಗೆ ಇನ್ನೂ ಡ್ರಿಪ್ ಇಳಿಯುತ್ತಿತ್ತು.

“ಪರೀಕ್ಷೆಗೆ ಒಳ್ಳೇ ನೀರು ಕೊಟ್ಟೆ,” ಎಂದರು ಅಧಿಕಾರಿಗಳ ಕಡೆ ತಿರುಗಿ. “ಬಸುರಿ ಸೊಸೀಗೆ ನಲ್ಲೀದು ಕುಡಿಸಿದೆ.”

ಆಮೇಲೆ ನನಗೆ ಯಾರೂ ಕೂರು ಎನ್ನಲಿಲ್ಲ.