ಎರ್ರಿಯಪ್ಪ ಕುಡಿದ ಗ್ಲೂಕೋಸ್ ನೀರು

ನಮ್ಮಪ್ಪ ಎರ್ರಿಯಪ್ಪನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಊರಿಗೆ ಮಾತ್ರ ಅವನು ದೊಡ್ಡ ಮನುಷ್ಯ.

ಕಾಲುವೆ ನೀರು ಬಂದ ಮೇಲೆ ಕಂಪ್ಲಿ ಸುತ್ತ ಎಲ್ಲಿ ನೋಡಿದರೂ ಕಬ್ಬು. ಬೆಲ್ಲದ ಗಾಣಗಳಲ್ಲಿ ಹದ ನೋಡಲು ಅವನೇ ಬೇಕು. ಕುದಿಯುವ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಾಯಿಗೆ ಹಾಕಿಕೊಂಡು ಅವನು ಹೂಂ ಅಂದ ಮೇಲೆಯೇ ಕೊಪ್ಪರಿಗೆ ಇಳಿಸಬೇಕು. ಬಾಯಿಗೆ ಹಾಕಿದ್ದನ್ನು ಉಗುಳಿದರೆ ಗಾಣಕ್ಕೆ ಕೇಡು ಅನ್ನುತ್ತಿದ್ದರು. ನುಂಗಲೇಬೇಕು. ಎಂಬತ್ತರ ದಶಕದ ಕೊನೆಗೆ, ಅರವತ್ತು ದಾಟಿದ ಮೇಲೂ, ಹರೆಯದಲ್ಲಿ ನುಂಗಿದಷ್ಟೇ ನುಂಗುತ್ತಿದ್ದ.

ಒಂದು ಸುಗ್ಗಿಯಲ್ಲಿ ಅಪ್ಪನ ಕಾಲಿಗಾದ ಗಾಯ ಮಾಯಲೇ ಇಲ್ಲ. ಅಣ್ಣ ಹುಲುಗಪ್ಪ ಕಾಡಿ ಬೇಡಿ ಅವನನ್ನು ಹೊಸಪೇಟೆಯ ಡಾಕ್ಟರ್ ಪ್ರಭಂಜನರ ಹತ್ತಿರ ಕರೆದೊಯ್ದ. ನಾನೂ ಹೋಗಿದ್ದೆ. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಅಪ್ಪ ಮೀಸೆ ತಿರುವಿದ. ಡಾಕ್ಟರು ಗ್ಲೂಕೋಸ್ ನೀರು ಕುಡಿಸಿ, ಎರಡು ತಾಸು ಬಿಟ್ಟು ಮತ್ತೆ ರಕ್ತ ತೆಗೆದರು. ಈ ಸಲ ಸಕ್ಕರೆ ವಿಪರೀತ ಏರಿತ್ತು.

“ಸಕ್ಕರಿ ನೀರು ಕುಡಿಸಿದವ್ರೂ ನೀವ, ಸಕ್ಕರಿ ಐತಿ ಅನ್ನಾವ್ರೂ ನೀವ. ಇದ ನೀರು ನನ್ನ ಮಗಗ ಕುಡಸ್ರಿ, ನೋಡಾಣ,” ಅಂದ ಅಪ್ಪ.

ಅಪ್ಪ ಉಪವಾಸ ಇದ್ದಾನೆಂದು ಅಣ್ಣನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅಷ್ಟೇ ನೀರು ಕುಡಿದ, ಅಷ್ಟೇ ಹೊತ್ತು ಕಾದ. ಅವನ ರಕ್ತದಲ್ಲಿ ಏರಿದ ಸಕ್ಕರೆ ಆಗಲೇ ಇಳಿದುಹೋಗಿತ್ತು. ಡಾಕ್ಟರು ಸಮಾಧಾನದಿಂದ ಬಿಡಿಸಿ ಹೇಳಿದರು: ಸಿಹಿ ಒಳಗೆ ಹೋದ ಕೂಡಲೇ ಹರೆಯದ ಮೈ ಇನ್ಸುಲಿನ್ ಬಿಡುತ್ತದೆ, ಸಕ್ಕರೆ ಇಳಿಯುತ್ತದೆ, ವಯಸ್ಸಾದ ಹಾಗೆ ಅದೇ ಸಿಹಿಗೆ ಇನ್ಸುಲಿನ್ ತಡವಾಗಿ, ಕಡಿಮೆ ಬರುತ್ತದೆ, ಎಲ್ಲರಿಗೂ ಅದು ರೋಗವಾಗುವುದಿಲ್ಲ, ನಿಮಗೆ ಆಗಿದೆ, ಬೆಲ್ಲ ಬಿಟ್ಟು ಮಾತ್ರೆ ತೊಗೊಂಡರೆ ಕಾಲು ಉಳಿಯುತ್ತದೆ.

ಅಪ್ಪನ ಕಿವಿಗೆ ಬಿದ್ದದ್ದು ವಯಸ್ಸು ಅನ್ನುವುದೊಂದೇ. ಹೊರಗೆ ಬಂದವನೇ ಅಣ್ಣನ ಕಡೆ ತಿರುಗಿ, “ನನ್ನ ಜಾಗದಾಗ ಕುಂದ್ರಾಕ ಹೊಂಚು ಹಾಕೀಯೇನಲೇ,” ಅಂದ. ಮಾತ್ರೆಗಳನ್ನು ಕಾಲುವೆಗೆ ಎಸೆದ. ಗಾಣದಲ್ಲಿ ನಾಲ್ಕು ಜನರೆದುರು, ಹಟಕ್ಕೆ, ಮೊದಲಿಗಿಂತ ದೊಡ್ಡ ಉಂಡೆ ನುಂಗತೊಡಗಿದ. ರುಚಿ ನಾನು ನೋಡ್ತೀನಿ, ನೀನು ಹದ ಹೇಳು ಸಾಕು ಅಂತ ಅಣ್ಣ ಅಂಗಲಾಚಿದರೆ, ಕುದಿಯುವ ಪಾಕವನ್ನು ಸೌಟಿನಲ್ಲಿ ಎತ್ತಿ ಅವನ ಕಾಲ ಹತ್ತಿರವೇ ಚೆಲ್ಲಿದ. ಅಣ್ಣ ಊರು ಬಿಟ್ಟು ಸಂಡೂರಿನ ಮೈನ್ಸಿಗೆ ದುಡಿಯಲು ಹೋದ.

ಮುಂದಿನ ವರ್ಷ ಕಾಲು ಕೊಳೆಯಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಕತ್ತರಿಸಿದರು. ಸುದ್ದಿ ತಿಳಿದು ಅಣ್ಣ ಓಡಿಬಂದ. ದಿನವೂ ಬುತ್ತಿ ತರುತ್ತಿದ್ದ. ಒಂದು ಮಧ್ಯಾಹ್ನ ನಾನು ಸಿಟ್ಟು ತಡೆಯಲಾರದೆ, ಡಾಕ್ಟರು ಸುಳ್ಳು ಹೇಳಿದ್ದರಾ ಅಂತ ಕೇಳಿಬಿಟ್ಟೆ.

“ಸುಳ್ಳಂತ ನಾ ಯಾವಾಗ ಅಂದೆ? ಹುಲುಗ್ಯಾನ ರಕ್ತ ನೋಡಿದ ದಿನಾನ ಖರೆ ಅಂತ ಗೊತ್ತಾತು,” ಅಂದ ಅಪ್ಪ. “ಮಗನ ಮುಂದ ಮುದುಕ ಆಗೂದು ಬ್ಯಾಡಾಗಿತ್ತು.”

ಬಾಗಿಲಲ್ಲಿ ನಿಂತಿದ್ದ ಅಣ್ಣ ಅದನ್ನು ಕೇಳಿಸಿಕೊಂಡ. ಬುತ್ತಿಯನ್ನು ನೆಲದ ಮೇಲಿಟ್ಟು ಹೊರಟುಹೋದ. ಅಪ್ಪನ ಮಣ್ಣಿಗೂ ಬರಲಿಲ್ಲ. ಬಾ ಅಂತ ನಾನೂ ಹೇಳಿಕಳಿಸಲಿಲ್ಲ.