ಡೊಂಬಿವಲಿಯಲ್ಲಿ ನಿಂತ ರೈಲು

ಠಾಣೆ ಜಿಲ್ಲೆಯ ಕಲ್ಯಾಣದಿಂದ ನಾವು ಮೂವರು ಲೋಕಲ್ ರೈಲಿನಲ್ಲಿ ಹೊರಟಾಗ ಬೆಳಗಿನ ನೂಕುನುಗ್ಗಲು ಸ್ವಲ್ಪ ಇಳಿದಿತ್ತು. ೨೦೧೧ರ ಜುಲೈ. ಹಿಂದಿನ ಸಂಜೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಅಪ್ಪನ ಬಲಗಾಲಿಗೆ ಬ್ಯಾಂಡೇಜು, ಅದು ನೆನೆಯದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ. ಸಕ್ಕರೆ ಕಾಯಿಲೆಯಿಂದ ಹೆಬ್ಬೆರಳು ಕಪ್ಪಾಗಿ, ಆ ಕಪ್ಪು ಪಕ್ಕದ ಬೆರಳುಗಳಿಗೂ ಹರಡಿತ್ತು. ಸಾನಪಾಡಾದ ಆಸ್ಪತ್ರೆಯ ಡಾಕ್ಟರು ಅರ್ಧ ಪಾದ ತೆಗೆಯಬೇಕು, ತಡಮಾಡಿದರೆ ವಿಷ ಮೇಲೇರುತ್ತದೆ ಎಂದಿದ್ದರು. ಅಂದು ಮಧ್ಯಾಹ್ನದೊಳಗೆ ಅಡ್ಮಿಟ್ ಆಗಬೇಕಿತ್ತು.

ನಮ್ಮ ಜೊತೆಗಿದ್ದವರು ಮಾರ್ತಕ್ಕ. ಚಾಳಿನಲ್ಲಿ ನಮ್ಮ ಎದುರು ಮನೆ, ನಮ್ಮ ಹಾಗೆಯೇ ಬೀದರ ಕಡೆಯವರು. ಅವ್ವ ತೀರಿಕೊಂಡ ವರ್ಷ ನಮಗೆ ರೊಟ್ಟಿ ಬಡಿದು ಹಾಕಿದವರು. ಬುಧವಾರದ ಪ್ರಾರ್ಥನಾ ಕೂಟವನ್ನೂ ಅವರೇ ನಡೆಸುತ್ತಿದ್ದರು. ಅಪ್ಪನಿಗಾಗಿ ಉಪವಾಸ ಕೂತು ಎದ್ದ ದಿನ, "ದೇವರು ನನಗ ತೋರಿಸ್ಯಾನ ಶಾಂತಾ. ಅಣ್ಣ ಎರಡೂ ಕಾಲ ಮ್ಯಾಲ ನಡಕೋತ ಸಭಾಕ್ಕ ಬರತಾನ. ಕತ್ತರಿ ಹಚ್ಚಬ್ಯಾಡ್ರಿ" ಎಂದಿದ್ದರು. ಅದು ಸುಳ್ಳು ಎನ್ನುವ ಧೈರ್ಯ ನನಗಿರಲಿಲ್ಲ. ನಾನೂ ವಾರವೆಲ್ಲ ಮೊಣಕಾಲೂರಿ, ಒಂದು ಗುರುತು ತೋರಿಸಪ್ಪಾ ಎಂದು ಬೇಡಿದ್ದೆ. ನನಗೆ ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ. ಅಪ್ಪನಂತೂ ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹೊರಡುವಾಗ ಮಾರ್ತಕ್ಕ ತಾವಾಗಿಯೇ ಕೊಡೆ ಹಿಡಿದು ಬಂದರು. ದಾರಿಯಲ್ಲಾದರೂ ನಮ್ಮ ಮನಸ್ಸು ತಿರುಗೀತು ಎಂದು ಅವರಿಗೆ ಆಸೆಯಿತ್ತು.

ಅಂಗವಿಕಲರ ಡಬ್ಬಿಯಲ್ಲಿ ಜಾಗ ಸಿಕ್ಕಿತು. ಠಾಣೆಯಲ್ಲಿ ಇಳಿದು ಸಾನಪಾಡಾಕ್ಕೆ ಹೋಗುವ ವಾಶಿ ಗಾಡಿ ಹಿಡಿಯುವುದು ನಮ್ಮ ಲೆಕ್ಕ. ಗಾಡಿ ಠಾಕುರ್ಲಿ ದಾಟಿ ಡೊಂಬಿವಲಿಗೆ ಬಂತು, ನಿಂತಿತು, ಹೊರಡಲೇ ಇಲ್ಲ. ಮುಂದೆ ಹಳಿಗಳ ಮೇಲೆ ನೀರು ನಿಂತಿದೆ ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ ಘೋಷಣೆ ಬಂತು. ಫ್ಯಾನು ನಿಂತಿತು. ಬ್ಯಾಂಡೇಜಿನ ವಾಸನೆಗೆ ಎದುರಿನ ಹೆಂಗಸು ಮುಖ ತಿರುಗಿಸಿ ಸೆರಗು ಅಡ್ಡ ಹಿಡಿದಳು.

ಆಚೆ ಪ್ಲಾಟ್‌ಫಾರ್ಮಿಗೆ, ಡೊಂಬಿವಲಿಯಿಂದಲೇ ಕಲ್ಯಾಣಕ್ಕೆ ಹಿಂದಿರುಗುವ ಗಾಡಿ ಬಂತು.

"ನೋಡವ್ವಾ," ಮಾರ್ತಕ್ಕ ನನ್ನ ಕೈ ಹಿಡಿದರು. "ದೇವರೇ ದಾರಿ ಕಟ್ಟ್ಯಾನ. ಮನಿಗಿ ಕರಕೊಂಡು ಹೋಗಲಾಕ ಗಾಡೀನೂ ಕಳಿಸ್ಯಾನ. ಇನ್ನೇನು ಗುರುತು ಬೇಕು ನಿನಗ?"

ನಾನು ಎದ್ದು ನಿಂತೆ. ನಿಜ ಹೇಳಬೇಕೆಂದರೆ, ಆ ಗಾಡಿ ಹತ್ತಿಬಿಟ್ಟರೆ ಎಷ್ಟು ಹಗುರ ಎನಿಸಿತು. ಮುಂದೆ ಏನೇ ಆದರೂ ತೀರ್ಮಾನ ನನ್ನದಾಗಿರುತ್ತಿರಲಿಲ್ಲ. ಎಬ್ಬಿಸಲೆಂದು ಅಪ್ಪನ ಹೆಗಲು ಮುಟ್ಟಿದೆ. ಅಂಗಿಯ ಮೇಲಿಂದಲೇ ಮೈ ಸುಡುತ್ತಿತ್ತು. ಹೊರಟಾಗ ಜ್ವರ ಅಷ್ಟಿರಲಿಲ್ಲ.

"ನಿಮಗ ದೇವರು ತೋರಿಸಿರಬಹುದು ಅಕ್ಕಾ," ಎಂದೆ. "ನನಗ ತೋರಿಸಿದ್ದು ಈ ಕಾಲು ಒಂದೇ."

ಅಪ್ಪ ಕಣ್ಣು ತೆರೆದರು. "ನೀ ಏನಂತಿ ಮಗಳಾ?"

"ಆಸ್ಪತ್ರಿಗಿ ಹೋಗೂಣು ಅಂತೀನಿ. ರೋಡಿನ ಮ್ಯಾಲ."

"ನಡಿ ಹಂಗಾದ್ರ."

ಕಲ್ಯಾಣದ ಗಾಡಿ ಹೊರಟಿತು. ಅದರ ಕೊನೆಯ ಡಬ್ಬಿ ದಾಟಿದ ಮೇಲೆ ಮಾರ್ತಕ್ಕ ಬಂದು ಅಪ್ಪನ ಇನ್ನೊಂದು ತೋಳಿಗೆ ಹೆಗಲು ಕೊಟ್ಟರು.

ಸೇತುವೆಯ ಮೆಟ್ಟಿಲು ಹತ್ತಿಳಿದು ಸ್ಟೇಷನ್ನಿನ ಪೂರ್ವ ಬದಿಗೆ ಬರುವಷ್ಟರಲ್ಲಿ ಮೂವರೂ ತೊಯ್ದಿದ್ದೆವು. ಸಾನಪಾಡಾ ಎಂದರೆ ರಿಕ್ಷಾದವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕೊನೆಗೊಬ್ಬ ನಾಲ್ಕು ನೂರು ಕೇಳಿ ಒಪ್ಪಿದ. ಕಾಟೈ ನಾಕೆಯಲ್ಲಿ ನೀರು ಚಕ್ರದ ಅರ್ಧದವರೆಗೆ ಬಂತು. ಶಿಳ್‌ಫಾಟಾದಲ್ಲಿ ಟ್ರಕ್ಕುಗಳ ನಡುವೆ ಸಿಕ್ಕಿಕೊಂಡೆವು. ಎಂಜಿನ್ ಮತ್ತೆ ಮತ್ತೆ ಕೆಮ್ಮಿ ನಿಲ್ಲುತ್ತಿತ್ತು. ಮಾರ್ತಕ್ಕ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಮಹಾಪೆ ಹತ್ತಿರ ಅಪ್ಪ ವಾಂತಿ ಮಾಡಿಕೊಂಡರು. ಮಾರ್ತಕ್ಕ ಪ್ರಾರ್ಥನೆ ನಿಲ್ಲಿಸಿ, ತಮ್ಮ ಸೆರಗಿನಿಂದಲೇ ಅವರ ಬಾಯಿ ಒರೆಸಿದರು. ತುರ್ಭೆಯ ಸಗಟು ಮಾರುಕಟ್ಟೆ ಬಂತು. ಅಪ್ಪ ಜೀವಮಾನವಿಡೀ ಮೂಟೆ ಹೊತ್ತ ಜಾಗ. "ಅಪ್ಪಾ, ತುರ್ಭೆ ಬಂತು ನೋಡ್ರಿ" ಎಂದೆ. ಅವರು ಕಣ್ಣು ಬಿಡಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಹಾಕಿಕೊಂಡು ನೇರ ಒಳಗೆ ಒಯ್ದರು. ಅರ್ಧ ಪಾದ ಸಾಲಲಿಲ್ಲ, ಮೊಣಕಾಲಿನ ಕೆಳಗೆ ತೆಗೆದರು. ಡಾಕ್ಟರು ಬಂದು ಜೀವಕ್ಕೆ ಅಪಾಯವಿಲ್ಲ ಎಂದಾಗ ಮಾರ್ತಕ್ಕ ಬೆಂಚಿನ ಮೇಲೆ ಕುಸಿದು ಅತ್ತರು.

"ಹಂಗಾದ್ರ ನಾ ಕಂಡದ್ದು ಏನಿತ್ತು ಶಾಂತಾ?"

ಆ ವಾರದ ಉಪವಾಸದಿಂದ ಅವರ ಕೆನ್ನೆ ಒಳಸೇರಿತ್ತು. ಕ್ಯಾಂಟೀನಿನಿಂದ ಚಹಾ, ಪಾವ್ ತಂದುಕೊಟ್ಟು ಪಕ್ಕದಲ್ಲಿ ಕೂತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು.

ಆಗಸ್ಟಿನಲ್ಲಿ ಅಪ್ಪನನ್ನು ಮನೆಗೆ ಕರೆತಂದೆ. ಈ ಸಲ ಸಾನಪಾಡಾದಿಂದ ರೈಲಿನಲ್ಲೇ ಹೊರಟೆವು. ಘಣಸೋಲಿ, ರಬಾಳೆ ದಾಟಿ ಗಾಡಿ ಓಡುತ್ತಿತ್ತು. ಹೊರಗೆ ಬಿಸಿಲು. ಊರುಗೋಲುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅಷ್ಟು ದಿನ ಕೇಳದೆ ಉಳಿದದ್ದನ್ನು ಕೇಳಿದೆ.

"ಅಪ್ಪಾ, ಅವತ್ತು ನಡಿ ಅಂದ್ರಲ್ಲ. ದೇವರು ನಿಮಗ ಏನರ ಹೇಳಿದ್ನೇನ್ರಿ?"

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ಇಲ್ಲ. ಹೆದರಿಕಿ ಅಷ್ಟೇ ಇತ್ತು. ನಿನಗ?"

"ನನಗೂ ಏನೂ ಹೇಳಲಿಲ್ಲ."

ಅಪ್ಪನ ಮುಖದಲ್ಲಿ ಏನೋ ಸಡಿಲವಾಯಿತು. ಠಾಣೆ ಬರುತ್ತಿತ್ತು. ಎಬ್ಬಿಸು ಎಂಬಂತೆ ಅವರು ನನ್ನತ್ತ ಕೈ ಚಾಚಿದರು.